ಎಕ್ಸ್‌ಪೋ ಮುಗಿದ ಮೇಲೆ ಹೊಗೆ ಲೆಕ್ಕ: ಜನರೇಟರ್‌ಗಿಂತ ಗೂಡ್ಸ್ ಗಾಡಿಯದ್ದೇ ಜಾಸ್ತಿ!

ತಿಪಟೂರು: ಎರಡು ದಿನದ ವಸ್ತು ಪ್ರದರ್ಶನ ಮುಗಿದ ಮಾರನೇ ದಿನ ಮೈದಾನಕ್ಕೆ ಹೋದ್ರೆ ಮೊದಲು ಕಣ್ಣಿಗೆ ಬೀಳೋದು ನೀರಿನ ಬಾಟಲಿ, ಹರಿದ ಫ್ಲೆಕ್ಸ್, ಊಟದ ತಟ್ಟೆ. ಪರಿಸರಕ್ಕೆ ಆದ ನಷ್ಟ ಇಷ್ಟೇ ಅಂತ ಎಲ್ಲರೂ ಅಂದುಕೊಳ್ತಾರೆ. ಪೌರಕಾರ್ಮಿಕರು ಗುಡಿಸಿಕೊಂಡು ಹೋದರೆ ಕಾರ್ಯಕ್ರಮ ಕ್ಲೀನ್ ಆಗಿ ಮುಗೀತು ಅಂತ ಲೆಕ್ಕ. ಆದರೆ ಆ ಎರಡು ದಿನದಲ್ಲಿ ಸುಟ್ಟ ಡೀಸೆಲ್, ಪೆಟ್ರೋಲ್, ಗ್ಯಾಸ್‌ನ ಹೊಗೆ ಯಾರ ಕಣ್ಣಿಗೂ ಬೀಳಲ್ಲ. ಆ ಹೊಗೆಯ ಒಟ್ಟು ತೂಕಕ್ಕೇ ‘ಕಾರ್ಬನ್ ಫುಟ್‌ಪ್ರಿಂಟ್’ ಅಥವಾ ಇಂಗಾಲದ ಹೆಜ್ಜೆಗುರುತು ಅಂತಾರೆ.

ಇದು ಬೆಂಗಳೂರು, ದೆಹಲಿಯ ದೊಡ್ಡವರ ಮಾತು, ತಾಲ್ಲೂಕಿನ ವರ್ತಕರಿಗೆ ಇದರಿಂದ ಏನು ಅಂತ ಕೇಳಬಹುದು. ಎರಡು ಕಾರಣಕ್ಕೆ ಇದು ಇಲ್ಲಿಗೂ ಸಂಬಂಧಪಟ್ಟ ವಿಷಯ. ಮೊದಲನೆಯದು, ಹೊಗೆ ಅಂದ್ರೆ ಸುಟ್ಟ ಇಂಧನ, ಇಂಧನ ಅಂದ್ರೆ ದುಡ್ಡು. ಎರಡನೆಯದು, ದೊಡ್ಡ ಕಂಪನಿಗಳು ಈಗ ತಮ್ಮ ಇಂಗಾಲದ ಲೆಕ್ಕವನ್ನ ವರ್ಷಾವರ್ಷ ಬರೆದು ಕೊಡಲೇಬೇಕು. ಅವರ ಕಾರ್ಯಕ್ರಮಕ್ಕೆ ಶಾಮಿಯಾನ ಹಾಕುವವರು, ಅಡುಗೆ ಮಾಡುವವರು, ಜನರೇಟರ್ ಬಾಡಿಗೆಗೆ ಕೊಡುವವರು, ಬ್ಯಾನರ್ ಪ್ರಿಂಟ್ ಮಾಡುವವರ ಹತ್ತಿರಕ್ಕೂ ಇದೇ ಪ್ರಶ್ನೆ ಬರುವ ಕಾಲ ದೂರ ಇಲ್ಲ.

ಯಾರು ಕೇಳ್ತಿದ್ದಾರೆ ಈ ಲೆಕ್ಕ?

ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿ 2021ರಲ್ಲಿ ‘ಬಿಆರ್‌ಎಸ್‌ಆರ್’ ಅನ್ನೋ ವರದಿ ಪದ್ಧತಿ ತಂದಿತು. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳಿಗೆ ಇದು ಕಡ್ಡಾಯ. ತಾನು ಸುಟ್ಟ ಇಂಧನ ಎಷ್ಟು, ಕೊಂಡ ಕರೆಂಟ್ ಎಷ್ಟು, ಅದರಿಂದ ಹೊಗೆ ಎಷ್ಟು ಅಂತ ಕಂಪನಿ ಬರೆಯಬೇಕು. ಪೂರೈಕೆದಾರರ ಲೆಕ್ಕವನ್ನೂ ಸೇರಿಸುವ ಕಡೆಗೆ ಸೆಬಿ ಹೆಜ್ಜೆ ಇಟ್ಟಿದೆ. ಅದು ಸದ್ಯಕ್ಕೆ ಕಡ್ಡಾಯ ಅಲ್ಲ, ಇಷ್ಟ ಇದ್ದವರು ಕೊಡಬಹುದು ಅಂತ ಇದೆ.

ಕಾರ್ಯಕ್ರಮ ನಡೆಸುವ ಉದ್ಯಮವೂ ಸುಮ್ಮನೆ ಕೂತಿಲ್ಲ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೊದಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ‘ನೆಟ್ ಜೀರೊ ಕಾರ್ಬನ್ ಈವೆಂಟ್ಸ್’ ಅನ್ನೋ ಒಪ್ಪಂದ ಶುರುವಾಯಿತು. ಸಹಿ ಹಾಕಿದ ಎಕ್ಸಿಬಿಷನ್ ಸಂಸ್ಥೆಗಳು 2050ರೊಳಗೆ ತಮ್ಮ ಕಾರ್ಯಕ್ರಮಗಳ ಇಂಗಾಲವನ್ನ ‘ನೆಟ್ ಜೀರೊ’ಗೆ ತರ್ತೀವಿ ಅಂತ ಮಾತು ಕೊಟ್ಟಿವೆ. ಕಾರ್ಯಕ್ರಮಗಳನ್ನ ಪರಿಸರಕ್ಕೆ ಹೊರೆಯಾಗದಂತೆ ನಡೆಸೋದಕ್ಕೆ ‘ಐಎಸ್‌ಒ 20121’ ಅನ್ನೋ ಅಂತಾರಾಷ್ಟ್ರೀಯ ಮಾನದಂಡ 2012ರಿಂದಲೇ ಇದೆ.

ವಸಂತನರಸಾಪುರದ ಕಡೆ ಕಾರ್ಖಾನೆ ಉದ್ಘಾಟನೆಗೋ ವಾರ್ಷಿಕೋತ್ಸವಕ್ಕೋ ಪೆಂಡಾಲ್ ಹಾಕುವವರ ಹತ್ತಿರ ನಾಳೆ ಕೊಟೇಷನ್ ಜೊತೆ ‘ಡೀಸೆಲ್ ಎಷ್ಟು ಖರ್ಚಾಗುತ್ತೆ’ ಅಂತಲೂ ಕೇಳಿದರೆ, ಲೆಕ್ಕ ಇಟ್ಟವರಿಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚು.

ಅಳೆಯೋದು ಹೇಗೆ?

ಹೊಗೆ ಅಳೆಯೋಕೆ ಯಾವ ಮೆಷಿನ್ನೂ ಬೇಡ. ಬಿಲ್ ಸಾಕು. ಎಷ್ಟು ಇಂಧನ ಸುಟ್ಟಿದೆ ಅಂತ ಗೊತ್ತಾದರೆ ಎಷ್ಟು ಇಂಗಾಲದ ಡೈಆಕ್ಸೈಡ್ ಬಂದಿದೆ ಅಂತ ಗುಣಿಸಿ ಹೇಳಬಹುದು. ನೆನಪಿಡಬೇಕಾದ ಸಂಖ್ಯೆ ನಾಲ್ಕೇ:

• 1 ಲೀಟರ್ ಡೀಸೆಲ್ = ಸುಮಾರು 2.68 ಕೆಜಿ
• 1 ಲೀಟರ್ ಪೆಟ್ರೋಲ್ = ಸುಮಾರು 2.3 ಕೆಜಿ
• 1 ಕೆಜಿ ಎಲ್‌ಪಿಜಿ = ಸುಮಾರು 3 ಕೆಜಿ
• 1 ಯೂನಿಟ್ ಕರೆಂಟ್ = ಸುಮಾರು 0.7 ಕೆಜಿ

ಇಲ್ಲಿ ಯಾರಿಗಾದರೂ ಒಂದು ಡೌಟ್ ಬಂದೇ ಬರುತ್ತೆ. ಒಂದು ಲೀಟರ್ ಡೀಸೆಲ್ ತೂಕವೇ ಒಂದು ಕೆಜಿಗಿಂತ ಕಮ್ಮಿ, ಅದರಿಂದ ಎರಡೂವರೆ ಕೆಜಿ ಮೇಲೆ ಹೊಗೆ ಹೇಗೆ ಬರುತ್ತೆ? ಉತ್ತರ ಗಾಳಿಯಲ್ಲಿದೆ. ಡೀಸೆಲ್ ಉರಿಯುವಾಗ ಅದರೊಳಗಿನ ಇಂಗಾಲ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿಕೊಳ್ಳುತ್ತೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತೆ. ಹೆಚ್ಚಿನ ತೂಕ ಡೀಸೆಲ್‌ದಲ್ಲ, ಗಾಳಿಯದ್ದು.

ಇನ್ನೊಂದು ಡೌಟ್ ಕರೆಂಟ್ ಬಗ್ಗೆ. ನಮ್ಮ ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಆದ್ರೂ ಯೂನಿಟ್‌ಗೆ 0.7 ಕೆಜಿ ಯಾಕೆ? ಯಾಕಂದ್ರೆ ಪಾವಗಡದ ಕರೆಂಟ್ ನೇರವಾಗಿ ತಿಪಟೂರಿನ ಅಂಗಡಿಗೆ ಬರಲ್ಲ. ದೇಶದ ಎಲ್ಲ ಕಡೆಯ ಕರೆಂಟ್ ಒಂದೇ ಗ್ರಿಡ್‌ಗೆ ಸೇರುತ್ತೆ, ಅದರಲ್ಲಿ ಕಲ್ಲಿದ್ದಲಿನದ್ದೇ ದೊಡ್ಡ ಪಾಲು. ಎಲ್ಲ ಸೇರಿಸಿದ ಸರಾಸರಿಯನ್ನ ಕೇಂದ್ರೀಯ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುತ್ತೆ. 0.7 ಅನ್ನೋದು ಅಲ್ಲಿಯದು.

ಲೆಕ್ಕವನ್ನ ಮೂರು ಭಾಗ ಮಾಡ್ತಾರೆ. ಕಾರ್ಯಕ್ರಮ ನಡೆಸುವವರು ತಾವೇ ಸುಟ್ಟದ್ದು, ಅಂದ್ರೆ ಜನರೇಟರ್ ಡೀಸೆಲ್, ಅಡುಗೆ ಗ್ಯಾಸ್, ಇದು ‘ಸ್ಕೋಪ್ 1’. ಕೊಂಡುಕೊಂಡ ಕರೆಂಟ್ ‘ಸ್ಕೋಪ್ 2’. ಕಾರ್ಯಕ್ರಮದಿಂದಾಗಿ ಬೇರೆಯವರು ಸುಟ್ಟದ್ದು, ಅಂದ್ರೆ ಜನ ಬಂದ ಬೈಕ್, ಸಾಮಾನು ತಂದ ಗಾಡಿ, ಊಟಕ್ಕೆ ಬೆಳೆದ ಅಕ್ಕಿ, ಇದೆಲ್ಲ ‘ಸ್ಕೋಪ್ 3’. ಎಕ್ಸ್‌ಪೋ, ಸಮ್ಮೇಳನಗಳಲ್ಲಿ ಸಾಮಾನ್ಯವಾಗಿ ಈ ಮೂರನೇ ಭಾಗವೇ ದೊಡ್ಡದು. ಬಿಟ್ಟುಹೋಗೋದೂ ಅದೇ.

ಒಂದು ಲೆಕ್ಕ ಹಾಕಿ ನೋಡೋಣ

ತಾಲ್ಲೂಕು ಮಟ್ಟದ ಎರಡು ದಿನದ ಎಕ್ಸ್‌ಪೋ ಅಂತ ಇಟ್ಟುಕೊಳ್ಳಿ. ಇದು ಉದಾಹರಣೆಗಷ್ಟೇ, ಯಾವುದೋ ನಡೆದ ಕಾರ್ಯಕ್ರಮದ ಲೆಕ್ಕ ಅಲ್ಲ. 60 ಸ್ಟಾಲ್, ಎರಡು ದಿನಕ್ಕೆ ಸೇರಿ 4,000 ಜನ. ಅದರಲ್ಲಿ 2,000 ಜನ ಇಬ್ಬಿಬ್ಬರಂತೆ ಬೈಕಲ್ಲಿ, 400 ಜನ ನಾಲ್ವರಂತೆ ಕಾರಲ್ಲಿ, 1,000 ಜನ ಬಸ್ಸಲ್ಲಿ ಬಂದರು. ಉಳಿದ 600 ಜನ ಊರಿನವರೇ, ನಡೆದುಕೊಂಡು ಬಂದರು.

ಬೈಕ್: 1,000 ಬೈಕ್, ಹೋಗಿ ಬರೋಕೆ ತಲಾ 30 ಕಿ.ಮೀ. ಲೀಟರ್‌ಗೆ 45 ಕಿ.ಮೀ. ಕೊಟ್ಟರೆ 667 ಲೀಟರ್ ಪೆಟ್ರೋಲ್. ಹೊಗೆ 1,533 ಕೆಜಿ.

ಕಾರು: 100 ಕಾರು, ತಲಾ 60 ಕಿ.ಮೀ. ಲೀಟರ್‌ಗೆ 15 ಕಿ.ಮೀ. ಆದರೆ 400 ಲೀಟರ್ ಪೆಟ್ರೋಲ್. ಹೊಗೆ 920 ಕೆಜಿ.

ಬಸ್: 45 ಜನ ತುಂಬಿದ ಬಸ್, ಲೀಟರ್‌ಗೆ ನಾಲ್ಕೂವರೆ ಕಿ.ಮೀ., ಹೋಗಿ ಬರೋಕೆ 30 ಕಿ.ಮೀ. 1,000 ಜನಕ್ಕೆ ಸುಮಾರು 148 ಲೀಟರ್ ಡೀಸೆಲ್. ಹೊಗೆ 397 ಕೆಜಿ.

ಸ್ಟಾಲ್ ಸಾಮಾನು: ತುಮಕೂರು, ಬೆಂಗಳೂರು ಕಡೆಯಿಂದ 30 ಗೂಡ್ಸ್ ಗಾಡಿ, ಹೋಗಿ ಬರೋಕೆ ಸರಾಸರಿ 200 ಕಿ.ಮೀ. ಲೀಟರ್‌ಗೆ 12 ಕಿ.ಮೀ. ಅಂದ್ರೆ 500 ಲೀಟರ್ ಡೀಸೆಲ್. ಹೊಗೆ 1,340 ಕೆಜಿ.

ಜನರೇಟರ್: ದಿನಕ್ಕೆ 12 ಗಂಟೆ, ಗಂಟೆಗೆ 10 ಲೀಟರ್. ಎರಡು ದಿನಕ್ಕೆ 240 ಲೀಟರ್. ಹೊಗೆ 643 ಕೆಜಿ.

ಅಡುಗೆ: 19 ಕೆಜಿಯ 8 ಕಮರ್ಷಿಯಲ್ ಸಿಲಿಂಡರ್. ಹೊಗೆ 456 ಕೆಜಿ.

ಬೆಸ್ಕಾಂ ಕರೆಂಟ್: 300 ಯೂನಿಟ್. ಹೊಗೆ 210 ಕೆಜಿ.

ಒಟ್ಟು ಹತ್ತಿರ ಹತ್ತಿರ 5,500 ಕೆಜಿ, ಅಂದ್ರೆ ಐದೂವರೆ ಟನ್. ಬಂದ ಒಬ್ಬೊಬ್ಬರ ಲೆಕ್ಕಕ್ಕೆ ಹಾಕಿದರೆ ತಲೆಗೆ ಸುಮಾರು 1.4 ಕೆಜಿ. ಇದರಲ್ಲಿ ಜನ ಓಡಾಡಿದ್ದು, ಸಾಮಾನು ಸಾಗಿಸಿದ್ದೇ ನಾಲ್ಕರಲ್ಲಿ ಮೂರು ಪಾಲು. ಎಲ್ಲರೂ ಬೈಯೋ ಜನರೇಟರ್‌ದು ನೂರಕ್ಕೆ ಹನ್ನೆರಡು ಮಾತ್ರ. ಅಕ್ಕಿ ತರಕಾರಿ ಬೆಳೆಯುವಾಗ ಆದ ಹೊಗೆ, ಎಸೆದ ಊಟದ್ದು, ಫ್ಲೆಕ್ಸ್ ತಯಾರಿಕೆಯದ್ದು ಇದರಲ್ಲಿ ಸೇರಿಲ್ಲ. ಅದು ಮೇಲಿನ ಲೆಕ್ಕ.

ಎಲ್ಲಿ ಕಮ್ಮಿ ಮಾಡಬಹುದು?

ಲೆಕ್ಕ ಬರೆದ ಮೇಲೆ ಗೊತ್ತಾಗೋದು ಏನಂದ್ರೆ, ಮೊದಲು ಕೈ ಹಾಕಬೇಕಾದ ಜಾಗ ಗೂಡ್ಸ್ ಗಾಡಿ. ಒಂದೇ ಊರಿಂದ ಬರುವ ಇಬ್ಬರು ಸ್ಟಾಲ್‌ನವರು ಅರ್ಧರ್ಧ ಖಾಲಿ ಗಾಡಿ ತರೋ ಬದಲು ಒಂದೇ ಗಾಡಿ ಮಾಡಿಕೊಂಡರೆ 30ರ ಬದಲು 15 ಗಾಡಿ ಸಾಕು. ಲೆಕ್ಕದ ಪ್ರಕಾರ ಉಳಿಯೋದು 670 ಕೆಜಿ. ಲೋಡ್ ಜಾಸ್ತಿಯಾಗಿ ಮೈಲೇಜ್ ಇಳಿದರೂ 600 ಕೆಜಿಗೆ ಮೋಸವಿಲ್ಲ. ಅಂದ್ರೆ ಜನರೇಟರ್ ಪೂರ್ತಿ ಆಫ್ ಮಾಡಿದಷ್ಟೇ ಉಳಿತಾಯ. ಡೀಸೆಲ್ ಲೀಟರ್‌ಗೆ 90 ರೂಪಾಯಿ ಅಂತ ಹಿಡಿದರೂ 20 ಸಾವಿರ ರೂಪಾಯಿ ಮೇಲೆ ಸ್ಟಾಲ್‌ನವರ ಜೇಬಲ್ಲೇ ಉಳಿಯುತ್ತೆ, ಗಾಡಿ ಬಾಡಿಗೆ ಬೇರೆ. ಸಂಘದವರು ಮಾಡಬೇಕಾದ್ದು ಇಷ್ಟೇ: ಸ್ಟಾಲ್ ಬುಕ್ ಮಾಡುವಾಗ ‘ಯಾವ ಊರಿಂದ, ಯಾವ ಗಾಡಿಯಲ್ಲಿ’ ಅಂತ ಬರೆಸಿಕೊಂಡು, ಒಂದೇ ದಾರಿಯವರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಡಬೇಕು.

ಎರಡನೆಯದು ತಾರೀಖು. ಕೊಬ್ಬರಿ ಹರಾಜಿನ ದಿನ ರೈತರು ಹೇಗೂ ಎಪಿಎಂಸಿಗೆ ಬರ್ತಾರೆ. ಎಕ್ಸ್‌ಪೋದ ಎರಡು ದಿನದಲ್ಲಿ ಒಂದು ದಿನ ಹರಾಜಿಗೆ ಹೊಂದಿಕೊಂಡರೆ ಅವರು ಇದಕ್ಕೆ ಅಂತಲೇ ಇನ್ನೊಂದು ಸಲ ಪೆಟ್ರೋಲ್ ಹಾಕಿಸಬೇಕಿಲ್ಲ. ಹರಾಜಿನ ದಿನ ಮಂಡಿಯವರಿಗೆ, ಅಂಗಡಿಯವರಿಗೆ ಬಿಡುವಿರಲ್ಲ ಅನ್ನೋದೂ ನಿಜ. ಅದಕ್ಕೇ ಎರಡೂ ದಿನ ಬೇಡ, ಒಂದು ದಿನ ಸಾಕು.

ಮೂರನೆಯದು ಜನರೇಟರ್. 500 ವಾಟ್‌ನ 40 ಹ್ಯಾಲೊಜೆನ್ ಉರಿಸಿದರೆ 20 ಕಿಲೋವಾಟ್ ಬೇಕು. ಅದೇ ಜಾಗಕ್ಕೆ 100 ವಾಟ್‌ನ ಎಲ್‌ಇಡಿ ಹಾಕಿದರೆ 4 ಕಿಲೋವಾಟ್ ಸಾಕು. ಲೋಡ್ ಕಮ್ಮಿಯಾದರೆ ಚಿಕ್ಕ ಜನರೇಟರ್ ಸಾಕು. ದೊಡ್ಡ ಜನರೇಟರ್ ತಂದು ಕಮ್ಮಿ ಲೋಡಲ್ಲಿ ಓಡಿಸಿದರೆ ಯೂನಿಟ್‌ಗೆ ಕುಡಿಯೋ ಡೀಸೆಲ್ ಇನ್ನೂ ಜಾಸ್ತಿ. ಒಂದು ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಬರುತ್ತೆ. ಅಂದ್ರೆ ಡೀಸೆಲ್ ಒಂದಕ್ಕೇ ಯೂನಿಟ್‌ಗೆ 30 ರೂಪಾಯಿ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಂಡರೆ ದರ ಮಾಮೂಲಿಗಿಂತ ಜಾಸ್ತಿ ಇರುತ್ತೆ ನಿಜ, ಆದ್ರೆ ಅಷ್ಟಿರಲ್ಲ. ಹೊಗೆಯಲ್ಲಿ ವ್ಯತ್ಯಾಸ ಎಷ್ಟು? 240 ಲೀಟರ್ ಕೊಡುವ 720 ಯೂನಿಟ್ ಗ್ರಿಡ್‌ನಿಂದ ಬಂದರೆ 504 ಕೆಜಿ, ಜನರೇಟರ್‌ನಿಂದ 643 ಕೆಜಿ. ಉಳಿತಾಯ ಐದರಲ್ಲಿ ಒಂದು ಪಾಲು. ಕರೆಂಟ್‌ಗೆ ಬದಲಾಯಿಸಿದ ತಕ್ಷಣ ಹೊಗೆ ಸೊನ್ನೆ ಆಗಲ್ಲ ಅನ್ನೋದನ್ನ ಮರೀಬಾರದು. ಮೈದಾನದ ಅಕ್ಕಪಕ್ಕದ ಮನೆಯವರಿಗೆ, ಸ್ಟಾಲಲ್ಲಿ ದಿನವಿಡೀ ಕೂರುವವರಿಗೆ ಮಾತ್ರ ಸದ್ದು, ಮಸಿ ಎರಡೂ ತಪ್ಪುತ್ತೆ.

ನಾಲ್ಕನೆಯದು ಊಟ. ಎಸೆದ ಅನ್ನ ಕಸದ ರಾಶಿಯೊಳಗೆ ಗಾಳಿಯಾಡದೆ ಕೊಳೆತರೆ ಮಿಥೇನ್ ಬರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಮಿಥೇನ್ ಭೂಮಿಯನ್ನ ಬಿಸಿ ಮಾಡೋದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು. ಅಷ್ಟೇ ಅಲ್ಲ, ಬೆಳೆದ ರೈತನ ನೀರು, ಗೊಬ್ಬರ, ಬೇಯಿಸಿದ ಗ್ಯಾಸ್ ಎಲ್ಲವೂ ಅದರ ಜೊತೆ ಹೋಯ್ತು. ಬೆಳಿಗ್ಗೆ 11ಕ್ಕೆ ಕೂಪನ್ ಎಣಿಸಿ ಅಡುಗೆಯವರಿಗೆ ಲೆಕ್ಕ ಕೊಡೋದು, ಎರಡನೇ ಹಂಡೆ ಅನ್ನವನ್ನ ಜನ ನೋಡಿ ಇಡೋದು, ಉಳಿದದ್ದನ್ನ ಹಾಸ್ಟೆಲ್‌ಗೆ ಬಿಸಿ ಇರುವಾಗಲೇ ತಲುಪಿಸೋದು ಇವು ಖರ್ಚಿಲ್ಲದ ಕೆಲಸ. ಬಾಳೆ ಎಲೆಯಾದರೆ ಹಸುವಿಗಾದರೂ ಆಗುತ್ತೆ.

ಸ್ಟೀಲ್ ತಟ್ಟೆಯೋ, ಅಡಕೆ ಹಾಳೆ ತಟ್ಟೆಯೋ ಅನ್ನೋದು ಊರು ನೋಡಿ ತೀರ್ಮಾನ ಮಾಡಬೇಕು. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ‘ಪ್ಲೇಟ್ ಬ್ಯಾಂಕ್’ ನಡೆಸುತ್ತೆ, ಕಾರ್ಯಕ್ರಮಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುತ್ತೆ. ಕೇರಳದಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟ ‘ಹಸಿರು ನಿಯಮಾವಳಿ’ಯಡಿ ನಡೆದಾಗಲೂ ಒಂದು ಸಲ ಬಳಸಿ ಬಿಸಾಡುವ ವಸ್ತುಗಳನ್ನ ದೂರ ಇಟ್ಟಿದ್ದರು. ಆದ್ರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿ ತಟ್ಟೆ ತೊಳೆಯೋ ಪರಿಸ್ಥಿತಿ ಇದ್ದರೆ ಎಲೆ, ಹಾಳೆ ತಟ್ಟೆಯೇ ವಾಸಿ.

ಹಾಗಾದ್ರೆ ಫ್ಲೆಕ್ಸ್ ಪರವಾಗಿಲ್ವಾ?

ಹಾಗಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ತಟ್ಟೆ, ಲೋಟಗಳಿಗೆ 2016ರಲ್ಲೇ ನಿಷೇಧ ಬಂದಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮಾಕೋಲ್, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಬಳಸುವಂತಿಲ್ಲ. ಇಂಗಾಲದ ತೂಕ ನೋಡಿದರೆ ಸಾಗಾಟದ ಮುಂದೆ ಫ್ಲೆಕ್ಸ್‌ನ ಪಾಲು ಚಿಕ್ಕದಿರಬಹುದು. ಆದರೆ ಚರಂಡಿ ಕಟ್ಟೋದು, ದನದ ಹೊಟ್ಟೆ ಸೇರೋದು, ಸುಟ್ಟರೆ ವಿಷದ ಹೊಗೆ ಬರೋದು ಬೇರೆಯದೇ ತೊಂದರೆ. ಬಟ್ಟೆ ಬ್ಯಾನರ್‌ನಲ್ಲಿ ಇಸವಿ ಬರೆಸದೆ ಸಂಘದ ಹೆಸರಷ್ಟೇ ಬರೆಸಿದರೆ ಮುಂದಿನ ವರ್ಷಕ್ಕೂ ಅದೇ ನಡೆಯುತ್ತೆ.

ಬೆಂಗಳೂರಿನ ಎಕ್ಸ್‌ಪೋಗೆ ಹೋಗುವಾಗ

ಇಲ್ಲಿನ ವರ್ಕ್‌ಶಾಪ್‌ನವರು, ಹಾರ್ಡ್‌ವೇರ್ ಅಂಗಡಿಯವರು ಬೆಂಗಳೂರಿನ ಅಂತಾರಾಷ್ಟ್ರೀಯ ವಸ್ತು ಪ್ರದರ್ಶನ ಕೇಂದ್ರಕ್ಕೆ (ಬಿಐಇಸಿ) ಹೋಗೋದುಂಟು. ಮೆಷಿನ್ ಟೂಲ್ಸ್‌ನ ‘ಇಮ್‌ಟೆಕ್ಸ್’ ನಡೆಯೋದು ಅಲ್ಲೇ. ತಿಪಟೂರಿನಿಂದ ಹೋಗಿ ಬರೋಕೆ ಸುಮಾರು 250 ಕಿ.ಮೀ. ಪೆಟ್ರೋಲ್ ಕಾರಲ್ಲಿ ಒಬ್ಬರೇ ಹೋದರೆ 38 ಕೆಜಿ ಹೊಗೆ. ನಾಲ್ಕು ಜನ ಸೇರಿ ಹೋದರೆ ತಲೆಗೆ ಒಂಬತ್ತೂವರೆ ಕೆಜಿ. ತುಂಬಿದ ಬಸ್ಸಲ್ಲಾದರೆ 3.3 ಕೆಜಿ. ಮೇಲಿನ ಉದಾಹರಣೆಯ ಜೊತೆ ಹೋಲಿಸಿದರೆ, ಊರಿನ ಎಕ್ಸ್‌ಪೋಗೆ 27 ಜನ ಬಂದು ಹೋದಾಗ ಆಗುವಷ್ಟು ಹೊಗೆ ಒಬ್ಬರೇ ಕಾರಲ್ಲಿ ಹೋದಾಗ ಆಗುತ್ತೆ.

2024ರ ನವೆಂಬರ್ 7ರಂದು ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಶುರುವಾಯಿತು. ಮಾದಾವರ ನಿಲ್ದಾಣ ಇರೋದು ಬಿಐಇಸಿ ಪಕ್ಕದಲ್ಲೇ. ತಿಪಟೂರಿನಿಂದ ರೈಲಲ್ಲಿ ಯಶವಂತಪುರಕ್ಕೆ ಹೋಗಿ, ಅಲ್ಲಿ ಹಸಿರು ಮಾರ್ಗ ಹತ್ತಿದರೆ ಪ್ರದರ್ಶನದ ಹತ್ತಿರವೇ ಇಳಿಯಬಹುದು. ತುಮಕೂರು ರಸ್ತೆಯ ಟ್ರಾಫಿಕ್, ಪಾರ್ಕಿಂಗ್ ದುಡ್ಡು ಎರಡೂ ಇಲ್ಲ.

ಗಿಡ ಕೊಟ್ಟರೆ ಮುಗೀತಾ?

ಅತಿಥಿಗಳಿಗೆ ಹಾರದ ಬದಲು ಗಿಡ ಕೊಡೋದು ಈಗ ಎಲ್ಲ ಕಡೆ ರೂಢಿ. ಒಳ್ಳೆಯದೇ. ಆದ್ರೆ ಒಂದು ಗಿಡ ಮರವಾಗಿ ಬೆಳೆದ ಮೇಲೂ ವರ್ಷಕ್ಕೆ ಹೀರೋದು ಕೆಲವೇ ಕೆಜಿ ಇಂಗಾಲದ ಡೈಆಕ್ಸೈಡ್. ಎರಡು ದಿನದ ಐದೂವರೆ ಟನ್‌ಗೆ 50 ಗಿಡ ಕೊಟ್ಟು ‘ಇಂಗಾಲ ಮುಕ್ತ ಕಾರ್ಯಕ್ರಮ’ ಅಂತ ಬ್ಯಾನರ್ ಹಾಕಿದರೆ ಲೆಕ್ಕ ಹೊಂದಲ್ಲ. ವೇದಿಕೆಯಲ್ಲಿ ಕೊಟ್ಟ ಗಿಡಕ್ಕೆ ಆಮೇಲೆ ನೀರು ಹಾಕಿದವರು ಯಾರು ಅನ್ನೋದೂ ಒಂದು ಪ್ರಶ್ನೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್ ‘ಕಾರ್ಬನ್ ನ್ಯೂಟ್ರಲ್’ ಅಂತ ಫಿಫಾ ಹೇಳಿಕೊಂಡಿತ್ತು. ದೂರು ಹೋದ ಮೇಲೆ, ಅದಕ್ಕೆ ಸರಿಯಾದ ಪುರಾವೆ ಇಲ್ಲ, ಹಾಗೆ ಹೇಳಬೇಡಿ ಅಂತ ಸ್ವಿಟ್ಜರ್‌ಲೆಂಡಿನ ಜಾಹೀರಾತು ನ್ಯಾಯ ಆಯೋಗ 2023ರ ಜೂನ್‌ನಲ್ಲಿ ಹೇಳಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಜಾಹೀರಾತಿನಲ್ಲಿ ‘ಪರಿಸರ ಸ್ನೇಹಿ’, ‘ಹಸಿರು’, ‘ಕಾರ್ಬನ್ ನ್ಯೂಟ್ರಲ್’ ಅಂತ ಬರೆದರೆ ಅದಕ್ಕೆ ಆಧಾರ ತೋರಿಸಬೇಕು. ಅಂಗಡಿ ಬೋರ್ಡು, ಪಾಂಪ್ಲೆಟ್ ಪ್ರಿಂಟ್ ಮಾಡಿಸುವಾಗ ಇದು ನೆನಪಿರಲಿ.

ಶುರು ಮಾಡೋದು ಹೇಗೆ?

ಮುಂದಿನ ಕಾರ್ಯಕ್ರಮಕ್ಕೆ ಒಂದು ನೋಟ್‌ಬುಕ್ ಇಟ್ಟರೆ ಸಾಕು. ಅದರಲ್ಲಿ ಐದು ಪುಟ:

1. ಗೇಟ್‌ನಲ್ಲಿ ಇಬ್ಬರು ಹುಡುಗರನ್ನ ಕೂರಿಸಿ, ಬಂದ ಹತ್ತು ಜನರಲ್ಲಿ ಒಬ್ಬರನ್ನ ‘ಯಾವ ಊರು, ಯಾವುದರಲ್ಲಿ ಬಂದ್ರಿ, ಎಷ್ಟು ಜನ’ ಅಂತ ಕೇಳಿ ಬರೆಯೋದು. ಎಲ್ಲರನ್ನೂ ಕೇಳಬೇಕಿಲ್ಲ.
2. ಸ್ಟಾಲ್‌ನವರ ಗಾಡಿ, ಊರು, ಕಿಲೋಮೀಟರ್.
3. ಜನರೇಟರ್‌ಗೆ ಹಾಕಿದ ಡೀಸೆಲ್ ಬಿಲ್. ಬಾಡಿಗೆ ಜನರೇಟರ್ ಆದರೆ ಮಾಲೀಕರಿಂದ ಲೀಟರ್ ಬರೆಸಿಕೊಳ್ಳೋದು.
4. ಕಾರ್ಯಕ್ರಮದ ಮೊದಲು, ಆಮೇಲೆ ಮೀಟರ್ ರೀಡಿಂಗ್.
5. ಖಾಲಿಯಾದ ಸಿಲಿಂಡರ್, ಮಾಡಿದ ಊಟ, ಉಳಿದ ಊಟ.

ಲೆಕ್ಕ ಪಕ್ಕಾ ಇರಲೇಬೇಕು ಅಂತಿಲ್ಲ, ಆದರೆ ಪ್ರತಿವರ್ಷ ಒಂದೇ ರೀತಿ ಹಾಕಬೇಕು. ಈ ವರ್ಷ ಗೂಡ್ಸ್ ಗಾಡಿ ಸೇರಿಸಿ, ಮುಂದಿನ ವರ್ಷ ಬಿಟ್ಟರೆ ಕಮ್ಮಿಯಾದ ಹಾಗೆ ಕಾಣುತ್ತೆ, ನಿಜವಾಗಿ ಆಗಿರಲ್ಲ. ಒಟ್ಟು ಕೆಜಿ ಜೊತೆಗೆ ತಲೆಗೆ ಎಷ್ಟು ಅಂತಲೂ ಬರೆದಿಟ್ಟರೆ, ಜನ ಜಾಸ್ತಿ ಬಂದ ವರ್ಷವನ್ನೂ ಕಮ್ಮಿ ಬಂದ ವರ್ಷವನ್ನೂ ಹೋಲಿಸಬಹುದು.

ಶಾಮಿಯಾನ, ಜನರೇಟರ್, ಅಡುಗೆ ಕಂಟ್ರಾಕ್ಟ್ ಮಾಡುವವರು ಸಂಘದವರಿಗೆ ಕಾಯಬೇಕಿಲ್ಲ. ಪ್ರತಿ ಆರ್ಡರ್‌ಗೆ ಎಷ್ಟು ಲೀಟರ್, ಎಷ್ಟು ಸಿಲಿಂಡರ್ ಹೋಯ್ತು ಅಂತ ಇವತ್ತಿಂದ ಬಿಲ್ ಪುಸ್ತಕದ ಹಿಂದೆ ಬರೆದಿಟ್ಟುಕೊಂಡರೆ, ಕಂಪನಿಯವರು ಕೇಳಿದ ದಿನ ಹುಡುಕಾಡೋದು ತಪ್ಪುತ್ತೆ.